ಅಜ್ಜನ ಸೀಟಿ

ನನಗೀಗ 72 ವರ್ಷ. ಮೆಟ್ಟಿಲು ಹತ್ತುವಾಗ ಎಡ ಮೊಣಕಾಲು ಕಟಕಟ ಎನ್ನುತ್ತದೆ. ಆದರೂ ಸಂಜೆ ಐದಾಯಿತೆಂದರೆ ಕೈ ತಾನಾಗಿಯೇ ಬಾಗಿಲ ಹಿಂದಿನ ಹಾಕಿ ಸ್ಟಿಕ್ಕಿನತ್ತ ಹೋಗುತ್ತದೆ. "ಈ ವಯಸ್ಸಿನಾಗೂ ಆಟದ ಹುಚ್ಚು ಬಿಡಲಿಲ್ಲಲ್ಲ ನಿಮಗ" ಎಂದು ನನ್ನಾಕೆ ನಗುತ್ತಾಳೆ.

ನಮ್ಮೂರು ಬೆಟಗೇರಿ. ಮಗ್ಗದ ಊರು, ಹಾಕಿಯ ಊರು. ಸ್ಟಿಕ್ ಕೊಳ್ಳಲು ದುಡ್ಡಿಲ್ಲದ ನಾವು ಹುಡುಗರು ತುದಿ ಬಾಗಿದ ಜಾಲಿಯ ಕೊಂಬೆ ಕಡಿದು ತಂದು ಆಡುತ್ತಿದ್ದೆವು. ರವಿವಾರ ಚರ್ಚಿನಿಂದ ಬರುವಾಗ ಅಪ್ಪ ಹೇಳುತ್ತಿದ್ದರು: "ಕೈಕಾಲು ಕೊಟ್ಟವ ದೇವರು. ಅವ ನೋಡಾಕತ್ತಾನ ಅಂತ ತಿಳಕೊಂಡು ಆಡಪಾ." ಸಂತ ಪೌಲನೂ ತನ್ನ ಪತ್ರಗಳಲ್ಲಿ ವಿಶ್ವಾಸಿಯ ಬಾಳನ್ನು ಓಟದ ಪಂದ್ಯಕ್ಕೆ ಹೋಲಿಸಿದ್ದಾನೆ. ನಾನು ಮಾತ್ರ ಅದನ್ನು ಬೇರೆಯೇ ಅರ್ಥ ಮಾಡಿಕೊಂಡಿದ್ದೆ. ದೇವರಿಗಾಗಿ ಆಡಿದರೆ ದೇವರು ಗೆಲ್ಲಿಸುತ್ತಾನೆ ಎಂದುಕೊಂಡು, ಪ್ರತಿ ಪಂದ್ಯಕ್ಕೂ ಮುನ್ನ ಗೆಲುವನ್ನೇ ಬೇಡುತ್ತಿದ್ದೆ.

ನನಗಾಗ 19. ಪಕ್ಕದ ಊರಿನ ತಂಡದೊಡನೆ ಪಂದ್ಯ. ಎರಡೂ ಕಡೆ ಒಂದೊಂದು ಗೋಲು. ಕೊನೆಯ ಗಳಿಗೆಯಲ್ಲಿ ಚೆಂಡು ನನ್ನ ಪಾದಕ್ಕೆ ಬಡಿದು, ಹೊಡೆಯಲು ಹದವಾಗಿ ನಿಂತಿತು. ಹಾಕಿಯಲ್ಲಿ ಗೋಲ್‌ಕೀಪರ್ ಬಿಟ್ಟು ಬೇರೆಯವರು ಕಾಲಿನಿಂದ ಚೆಂಡು ತಡೆಯುವಂತಿಲ್ಲ. ಅಂಪೈರ್ ಕಾಣಲಿಲ್ಲ. ನಾನು ಹೊಡೆದೆ, ಗೋಲಾಯಿತು. ಎದುರು ತಂಡದ ಹುಡುಗನೊಬ್ಬ ನನ್ನ ಕಣ್ಣನ್ನೇ ನೋಡುತ್ತ, "ಕಾಲಿಗೆ ಹತ್ತಿಲ್ಲೇನೋ?" ಎಂದ. "ಇಲ್ಲ" ಎಂದುಬಿಟ್ಟೆ.

ಗೆದ್ದ ನಮಗೆಲ್ಲ ಒಂದೊಂದು ಪುಟ್ಟ ಕಪ್ಪು ಕೊಟ್ಟರು. ನನ್ನದನ್ನು ಅಪ್ಪ ಸತ್ಯವೇದದ ಪಕ್ಕದಲ್ಲೇ ಇಟ್ಟರು. ರಾತ್ರಿ ಮನೆ ಪ್ರಾರ್ಥನೆಗೆ ಕೂತಾಗಲೆಲ್ಲ ಅದೇ ಕಣ್ಣಿಗೆ ಬೀಳುತ್ತಿತ್ತು. ಅಪ್ಪ ತೀರಿಕೊಳ್ಳುವವರೆಗೂ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ.

ಎರಡು ವರ್ಷದ ಹಿಂದೆ ಮಕ್ಕಳೊಂದಿಗೆ ಓಡಲು ಹೋಗಿ ಬಿದ್ದೆ. ಇನ್ನು ಓಡಬಾರದು ಎಂದರು ಡಾಕ್ಟರು. ತಿಂಗಳುಗಟ್ಟಲೆ ಮುಖ ಊದಿಸಿಕೊಂಡು ಕಟ್ಟೆಯ ಮೇಲೆ ಕೂತೆ. ಆಡಲಾಗದ ಮೇಲೆ ನಾನು ಯಾತಕ್ಕೆ ಬೇಕು ಎನಿಸುತ್ತಿತ್ತು.

ಆ ದಿನಗಳಲ್ಲೇ ಎರಿಕ್ ಲಿಡೆಲ್‌ನ ಕಥೆ ಓದಿದೆ. ಸ್ಕಾಟ್ಲೆಂಡಿನ ಓಟಗಾರ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಮೊದಲ ಸುತ್ತು ಭಾನುವಾರ ಬಂತೆಂದು, ಅದು ದೇವರ ದಿನವೆಂದು, ಓಡಲೇ ಇಲ್ಲ. ಬದಲಿಗೆ 400 ಮೀಟರ್ ಓಡಿ, 47.6 ಸೆಕೆಂಡಿನ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದ. ಇದು ಅನೇಕರಿಗೆ ಗೊತ್ತು. ನನ್ನನ್ನು ತಟ್ಟಿದ್ದು ಮುಂದಿನ ಕಥೆ. ಆತ ಮಿಷನರಿಯಾಗಿ ಚೀನಾಕ್ಕೆ ಹೋದ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರ ಸೆರೆಶಿಬಿರ ಸೇರಿ, ಅಲ್ಲಿದ್ದ ಮಕ್ಕಳನ್ನು ಆಡಿಸತೊಡಗಿದ. ಭಾನುವಾರ ಮಾತ್ರ ಆಟವಿಲ್ಲ ಎಂದಿದ್ದ. ಆದರೆ ನೋಡಿಕೊಳ್ಳುವವರಿಲ್ಲದೆ ಮಕ್ಕಳು ಆಡಿ ಜಗಳವಾದಾಗ, ಭಾನುವಾರವೂ ತಾನೇ ಹೋಗಿ ಅಂಪೈರ್ ಆಗಿ ನಿಂತ. ತನ್ನ ಪದಕಕ್ಕಾಗಿ ಮುರಿಯದ ನೇಮವನ್ನು ಮಕ್ಕಳಿಗಾಗಿ ಸಡಿಲಿಸಿದ. 1945ರ ಫೆಬ್ರವರಿಯಲ್ಲಿ, 43ನೇ ವಯಸ್ಸಿಗೆ, ಅದೇ ಶಿಬಿರದಲ್ಲಿ ತೀರಿಕೊಂಡ.

ಓದಿ ಮುಗಿಸಿದ ಮರುದಿನವೇ ಪೇಟೆಗೆ ಹೋಗಿ ಒಂದು ಸೀಟಿ ಕೊಂಡೆ. ಅಂದಿನಿಂದ ಕೇರಿಯ ಮಕ್ಕಳ ಆಟಕ್ಕೆ ನಾನೇ ಅಂಪೈರ್.

ಕಳೆದ ತಿಂಗಳು ಒಂದು ಸಂಜೆ ಹತ್ತು ವರ್ಷದ ನನ್ನ ಮೊಮ್ಮಗ ಗೋಲು ಹೊಡೆದ. "ಕಾಲಿಗೆ ಹತ್ತೇತಿ!" ಎಂದು ಎದುರಿನವರು ಕೂಗಿದರು. ಮುಸ್ಸಂಜೆಯ ಮಬ್ಬಿನಲ್ಲಿ ನನಗೆ ಕಂಡಿರಲಿಲ್ಲ. ಅವನನ್ನೇ ಕೇಳಿದೆ. "ಇಲ್ಲಜ್ಜಾ" ಎಂದ. ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು. ಅದು 53 ವರ್ಷದ ಹಿಂದಿನ ನನ್ನದೇ ದನಿ.

ಗೋಲು ಕೊಟ್ಟೆ, ಬೈಯಲಿಲ್ಲ. ರಾತ್ರಿ ಉಂಡ ಮೇಲೆ ಕಪಾಟಿನಿಂದ ಆ ಕಪ್ಪನ್ನು ತೆಗೆದು, ಯಾರಿಗೂ ಹೇಳದಿದ್ದ ಕಥೆಯನ್ನು ಅವನಿಗೆ ಹೇಳಿದೆ. ಹುಡುಗ ತಲೆ ತಗ್ಗಿಸಿ ಕೇಳಿದ. ಕೊನೆಗೆ, "ಆ ಹುಡುಗ ಈಗ ಎಲ್ಲಿ ಅದಾನಜ್ಜಾ?" ಎಂದ.

"ಅದೇ ಊರಾಗ ಅದಾನ. ಅವನೂ ಈಗ ಅಜ್ಜ ಆಗ್ಯಾನ. ಮದುವಿಯಾಗ ಕಂಡ್ರೂ ನಾನು ಮುಖ ತಪ್ಪಿಸಿ ಹೊಕ್ಕೀನಿ."

ಮರುದಿನ ಆಟ ಶುರುವಾಗುವ ಮೊದಲು ಮೊಮ್ಮಗ ಎದುರು ತಂಡದ ಹತ್ತಿರ ಹೋಗಿ, "ನಿನ್ನೆ ಗೋಲು ನಮ್ಮದಲ್ಲ, ಕಾಲಿಗೆ ಹತ್ತಿತ್ತು" ಎಂದ. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ಒಬ್ಬ, "ಹೋಗ್ಲಿ ಬಿಡಲೇ, ಚೆಂಡು ಒಗಿ" ಎಂದ. ಆಟ ಶುರುವಾಯಿತು.

ಅಪ್ಪನ ಮಾತಿನ ಅರ್ಥ ನನಗೆ ಈ ವಯಸ್ಸಿನಲ್ಲಿ ತಿಳಿಯಿತು. ಅಂಪೈರ್ ಕಾಣದ್ದನ್ನೂ ದೇವರು ಕಾಣುತ್ತಾನೆ. ಅವನಿಗಾಗಿ ಆಡುವುದೆಂದರೆ, ಯಾರೂ ಕಾಣದ ಕಡೆಯೂ ನೆಟ್ಟಗೆ ಆಡುವುದು. ಅದಕ್ಕೆ ಗಟ್ಟಿ ಮೊಣಕಾಲು ಬೇಕಿಲ್ಲ.

ಹತ್ತು ವರ್ಷದ ಹುಡುಗ ಒಂದೇ ರಾತ್ರಿಯಲ್ಲಿ ಮಾಡಿದ್ದನ್ನು ನಾನು 53 ವರ್ಷವಾದರೂ ಮಾಡಿಲ್ಲ. ಬರುವ ಶನಿವಾರ ಪಕ್ಕದ ಊರಿಗೆ ಬಸ್ಸು ಹತ್ತಬೇಕೆಂದಿದ್ದೇನೆ. ಕಪ್ಪು ಈಗಾಗಲೇ ಚೀಲದಲ್ಲಿದೆ. ಮೊಮ್ಮಗನೂ ಬರುತ್ತಾನಂತೆ. ನನಗೆ ಧೈರ್ಯ ಬೇಕಲ್ಲ!