ತರಗತಿ ಶಿಕ್ಷಕರಿಲ್ಲದ ವಾರ್ಡು

2011ರ ಮಳೆಗಾಲದಲ್ಲಿ ಇಳಕಲ್ಲಿನ ನಮ್ಮ ಮನೆಯ ಬಚ್ಚಲಲ್ಲಿ ಅವ್ವ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಬಾಗಲಕೋಟೆಯ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಶಾಲೆಗೆ ರಜೆ ಹಾಕಿ ನಾನು ಅವಳ ಪಕ್ಕದಲ್ಲೇ ಇದ್ದೆ.

ಒಬ್ಬ ಸಿಸ್ಟರ್ ಬಂದು ಚುಚ್ಚುಮದ್ದು ಕೊಡುವರು, ಇನ್ನೊಬ್ಬರು ರಕ್ತದೊತ್ತಡ ನೋಡುವರು, ಮತ್ತೊಬ್ಬರು ಗಾಯಕ್ಕೆ ಪಟ್ಟಿ ಕಟ್ಟುವರು. ಯಾರೂ ತಮ್ಮ ಕೆಲಸ ತಪ್ಪಿಸಲಿಲ್ಲ. ಆದರೂ ಅವ್ವನ ಬೆನ್ನ ಕೆಳಗೆ ಹಾಸಿಗೆ ಹುಣ್ಣು ಎದ್ದದ್ದನ್ನು ನಾಲ್ಕು ದಿನ ಯಾರೂ ಕಾಣಲಿಲ್ಲ. ನಾನೂ ಕಾಣಲಿಲ್ಲ, ಪಕ್ಕದಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದೆ. "ಪಾಪ, ಅವರಿಗೆ ಎಷ್ಟ ಮಂದಿ ಅದಾರ, ಯಾಕ ಹೇಳೂದು" ಎಂದು ಅವ್ವ ಸುಮ್ಮನಿದ್ದಳಂತೆ.

ಐದನೆಯ ದಿನ ಪಾಳಿಗೆ ಬಂದವಳು ಹುನಗುಂದದಲ್ಲಿ ನನ್ನ ಬಳಿ ಕಲಿತವಳು. ಅವ್ವನನ್ನು ಮೆಲ್ಲಗೆ ಹೊರಳಿಸಿ ನೋಡಿ, "ಸರ್, ಇನ್ನ ಮ್ಯಾಲ ಆಯಿ ನನ್ನ ಪೇಶೆಂಟ್ ರೀ. ಏನಿದ್ರೂ ನನಗ ಹೇಳ್ರಿ" ಎಂದಳು. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸುವ ವೇಳಾಪಟ್ಟಿ ಬರೆದು ಮಂಚಕ್ಕೆ ಕಟ್ಟಿದಳು. ಪಾಳಿ ಮುಗಿದಾಗ ಮುಂದಿನವರಿಗೆ ಅದನ್ನು ತೋರಿಸಿಯೇ ಹೋಗುವಳು. ಕಾಲುಗಳ ನಡುವೆ ದಿಂಬಿಟ್ಟು ಹೊರಳಿಸುವುದನ್ನು ನನ್ನ ಮಡದಿಗೂ ಕಲಿಸಿದಳು. ಹುಣ್ಣು ಮಾಯಲು ಎರಡು ತಿಂಗಳು ಹಿಡಿಯಿತು.

ಮುಂದೆ ಅವಳೇ ನನಗೆ ಪಾಠ ಹೇಳಿದಳು. ಶುಶ್ರೂಷೆಯಲ್ಲಿ ಕೆಲಸಗಳನ್ನು ಹಂಚುವುದು ಒಂದು ಪದ್ಧತಿ. ರೋಗಿಗಳನ್ನೇ ಹಂಚುವುದು ಇನ್ನೊಂದು. ರೋಗಿ ಸೇರಿದಂದಿನಿಂದ ಮನೆಗೆ ಮರಳುವವರೆಗೆ ಅವನ ಆರೈಕೆಗೆ ಒಬ್ಬ ಶುಶ್ರೂಷಕಿಯೇ ಹೊಣೆ ಎಂಬ ಪದ್ಧತಿಯನ್ನು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 1969ರ ಹೊತ್ತಿಗೆ ಮೇರಿ ಮ್ಯಾಂತಿ ಮತ್ತು ಸಂಗಡಿಗರು ರೂಪಿಸಿದರು.

ನನಗೆ ನಮ್ಮ ಶಾಲೆಯೇ ನೆನಪಾಯಿತು. ಗಣಿತ, ವಿಜ್ಞಾನ, ಕನ್ನಡ ಎಂದು ಆರೇಳು ಶಿಕ್ಷಕರು ತರಗತಿಗೆ ಬಂದು ಹೋಗುತ್ತೇವೆ. ಹುಡುಗನೊಬ್ಬ ಮೂರು ದಿನ ಬಾರದಿದ್ದರೆ ಏಕೆಂದು ವಿಚಾರಿಸುವವರು ತರಗತಿ ಶಿಕ್ಷಕರು ಮಾತ್ರ. ಅವ್ವನಿದ್ದ ವಾರ್ಡಿನಲ್ಲಿ ವಿಷಯ ಶಿಕ್ಷಕರೆಲ್ಲ ಇದ್ದರು, ತರಗತಿ ಶಿಕ್ಷಕರಿರಲಿಲ್ಲ.

ಸಿಬ್ಬಂದಿ ಕಡಿಮೆಯಿರುವಲ್ಲಿ ಇದು ಸುಲಭವಲ್ಲ, ನಿಜ. ಅದಕ್ಕೂ ನಮ್ಮ ನಾಡಿನಲ್ಲೇ ಒಂದು ದಾರಿ ತೆರೆದಿದೆ. 2014ರಲ್ಲಿ ಸ್ಥಾಪನೆಯಾದ ನೂರಾ ಹೆಲ್ತ್ ಸಂಸ್ಥೆ ನಾರಾಯಣ ಹೃದಯಾಲಯದ ಆಸ್ಪತ್ರೆಗಳೊಡನೆ ಕೂಡಿ ನಡೆಸಿದ ಕಾರ್ಯಕ್ರಮದಲ್ಲಿ ಶುಶ್ರೂಷಕಿಯರು ರೋಗಿಯ ಮನೆಯವರಿಗೇ ಆರೈಕೆಯ ತರಬೇತಿ ಕೊಟ್ಟರು. ಮುಂದೆ ಅದು ಸರಕಾರಿ ಆಸ್ಪತ್ರೆಗಳಿಗೂ ಹಬ್ಬಿತು. ಹಗಲಿಡೀ ಸುಮ್ಮನೆ ಕುಳಿತಿರುವ ನನ್ನಂಥವರನ್ನು ಕೆಲಸಕ್ಕೆ ಹಚ್ಚುವ ಯೋಚನೆ ಅದು.

ನನ್ನ ವಿದ್ಯಾರ್ಥಿಗಳಲ್ಲಿ ಶುಶ್ರೂಷಾ ವೃತ್ತಿ ಹಿಡಿದವರು ಹಲವರಿದ್ದೀರಿ. "ಇವರು ನನ್ನ ಪೇಶೆಂಟ್" ಎಂಬ ಆ ಒಂದು ಮಾತನ್ನು ಬಿಡಬೇಡಿರಿ. ಉಳಿದವರು, ಹಿರಿಯರ ಹಾಸಿಗೆಯ ಬಳಿ ಕುಳಿತಾಗ, ಕೈಯಲ್ಲಿರುವ ಕೆಲಸ ಬದಿಗಿಟ್ಟು ಒಮ್ಮೆ ಅವರ ಬೆನ್ನು ನೋಡಿರಿ.