ಪಾಠಗಳ ವರ್ಗಾವಣೆ

ವರ್ಗಾವಣೆ ಎಂಬ ಪದ ಉಪಾಧ್ಯಾಯರಿಗೆ ಹೊಸದಲ್ಲ. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. (ಕಂದಾಯದ ಲೆಕ್ಕದಲ್ಲಿ ನಾವು ತುಮಕೂರು ಜಿಲ್ಲೆಯವರೇ, ಶಾಲೆಗಳ ಲೆಕ್ಕದಲ್ಲಿ ಮಾತ್ರ ಬೇರೆ.) ನನ್ನ ಸೇವಾವಧಿಯೆಲ್ಲವೂ ಈ ನಾಲ್ಕು ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿಯೇ ಕಳೆಯಿತು. ಶಾಲೆ ಬಿಟ್ಟು ಹೋಗುವಾಗ ಪ್ರಭಾರ ವಹಿಸಿಕೊಡುವ ಪಟ್ಟಿಯೊಂದನ್ನು ಬರೆಯಬೇಕಿತ್ತು: ಭೂಪಟ ಇಷ್ಟು, ಬ್ಯುರೆಟ್ ಇಷ್ಟು, ಗ್ರಂಥಾಲಯದ ಪುಸ್ತಕ ಇಷ್ಟು, ಒಡೆದದ್ದು ಇಷ್ಟು. ಬಂದವರು ಎಣಿಸಿಕೊಂಡು ಸಹಿ ಹಾಕಿದ ಮೇಲೆಯೇ ಹೋಗುವವರಿಗೆ ಬಿಡುಗಡೆ. ಪಾಠಗಳಿಗೂ ವರ್ಗಾವಣೆ ಉಂಟೆಂಬುದನ್ನು ನಾನು ಕಂಡದ್ದು ನಿವೃತ್ತನಾದ ಮೇಲೆ. ಅವುಗಳಿಗೆ ಅಂತಹ ಪಟ್ಟಿಯನ್ನು ಯಾರೂ ಬರೆಯುವುದಿಲ್ಲವೆಂಬುದೇ ಈ ಲೇಖನಕ್ಕೆ ಕಾರಣ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ಈಗ ಪಾವಗಡ ತಾಲ್ಲೂಕಿನ ಗಡಿಭಾಗದಲ್ಲಿ ವಿಜ್ಞಾನ ಶಿಕ್ಷಕಿ. ಅವರೂ ನಾಲ್ಕೂ ತಾಲ್ಲೂಕುಗಳ ಕೆಲವು ಶಿಕ್ಷಕರೂ ಸೇರಿ ಆನ್‌ಲೈನ್ ಕಲಿಕಾ ವೇದಿಕೆಯೊಂದರಲ್ಲಿ ಕನ್ನಡದ ಪಾಠಗಳನ್ನು ಕೂಡಿಹಾಕಿದ್ದರು. ಅದು ಮೂಡಲ್ ತಂತ್ರಾಂಶದಿಂದ ಕಟ್ಟಿದ್ದು. (ಮೂಡಲ್ ಎಂಬುದು ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಾಸ್ ಅವರು ರೂಪಿಸಿ 2002ರಲ್ಲಿ ಮೊದಲ ಆವೃತ್ತಿಯನ್ನು ಹೊರತಂದ ಮುಕ್ತ ತಂತ್ರಾಂಶ.) ಪಠ್ಯಪುಸ್ತಕದ ಪಾಠಕ್ಕೆ ನಮ್ಮ ಸೀಮೆಯ ಉದಾಹರಣೆಗಳನ್ನು ಜೋಡಿಸುವುದು ಅವರ ಉದ್ದೇಶ. ಪಾವಗಡದ ಕೊಳವೆಬಾವಿಗಳ ಫ್ಲೋರೈಡ್, ತಿರುಮಣಿಯ ಸುತ್ತಲಿನ 2,050 ಮೆಗಾವಾಟ್ ಸೌರ ಉದ್ಯಾನ, ಮಧುಗಿರಿಯ ಮೈದನಹಳ್ಳಿಯ ಕೃಷ್ಣಮೃಗ, ಶಿರಾ ಬಳಿಯ ಕಗ್ಗಲಡುವಿನ ಬಣ್ಣದ ಕೊಕ್ಕರೆ, ಕೊರಟಗೆರೆಯ ಸಿದ್ಧರಬೆಟ್ಟದ ಮೂಲಿಕೆಗಳು, ಎಲ್ಲವೂ ಅಲ್ಲಿದ್ದವು. ವೇದಿಕೆಯನ್ನು ನಡೆಸುತ್ತಿದ್ದವರು ಅದನ್ನು ಮುಚ್ಚುವುದಾಗಿ ತಿಳಿಸಿದರು. ಪಾಠಗಳನ್ನು ಮತ್ತೊಂದು ವೇದಿಕೆಗೆ ಸಾಗಿಸಬೇಕಾಯಿತು. ಕರಡು ತಿದ್ದಲು ನನ್ನನ್ನು ಕರೆದರು.

ಮನೆ ಖಾಲಿ ಮಾಡುವಾಗ ಪಾತ್ರೆ ಪಗಡೆ ಲಾರಿಗೆ ಏರಿಸಿದಂತೆ ಕಡತಗಳನ್ನೂ ಏರಿಸಿದರೆ ಮುಗಿಯಿತೆಂದು ಹಲವರು ಭಾವಿಸಿದ್ದರು. ಮೊದಲ ತೊಡಕು ಅಕ್ಷರಗಳಲ್ಲಿಯೇ ಕಾಣಿಸಿತು. ಬಹಳಷ್ಟು ಟಿಪ್ಪಣಿಗಳು ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿದ್ದವು. ಆ ಎರಡು ತಂತ್ರಾಂಶಗಳಿಲ್ಲದಿದ್ದರೆ ನಮ್ಮ ಪೀಳಿಗೆಯ ಮೇಷ್ಟರುಗಳು ಕಂಪ್ಯೂಟರಿನಲ್ಲಿ ಕನ್ನಡ ಬರೆಯುತ್ತಲೇ ಇರಲಿಲ್ಲ. ಆದರೆ ಆ ಕಾಲದ ವ್ಯವಸ್ಥೆಯಲ್ಲಿ ಕಡತದೊಳಗೆ ಇರುತ್ತಿದ್ದುದು ರೋಮನ್ ಅಕ್ಷರಗಳ ಸಂಕೇತಗಳು. ಅವಕ್ಕೆ ಕನ್ನಡದ ವೇಷ ತೊಡಿಸುತ್ತಿದ್ದುದು ಫಾಂಟು. ಫಾಂಟಿಲ್ಲದೆಡೆ ವೇಷ ಕಳಚುತ್ತದೆ. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನವಿದೆ. ಆದರೂ ಹಳೆಯ ಬರಹ ತಾನಾಗಿ ಅಲ್ಲಿಗೆ ಬಂದು ಕೂರುವುದಿಲ್ಲ. ಪರಿವರ್ತಕ ಬೇಕು. ‘ಸೂರ್ಯ’ ಎಂಬ ಪದವನ್ನೇ ನೋಡಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಯಕಾರದ ಅನಂತರ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ರಕಾರ ಮೊದಲು. ಪರಿವರ್ತಕವು ಈ ಹಿಂದುಮುಂದನ್ನು ಸರಿಪಡಿಸಬೇಕು. ಅದಕ್ಕಿಂತ ಕಷ್ಟದ್ದು ರಾಸಾಯನಿಕ ಸೂತ್ರಗಳು. ರೋಮನ್ ಲಿಪಿಯಲ್ಲಿದ್ದ ಕ್ಯಾಲ್ಸಿಯಂ ಫ್ಲೋರೈಡಿನ ಸೂತ್ರವನ್ನೂ ಅದು ಕನ್ನಡವೆಂದೇ ಬಗೆದು ಅರ್ಥವಿಲ್ಲದ ಅಕ್ಷರಗಳಾಗಿಸಿತ್ತು. ಕೆಂಪು ಶಾಯಿಗೆ ಮತ್ತೆ ಕೆಲಸ ಬಂತು!

ಎರಡನೆಯದು ಚಿತ್ರ. ಬೇರು ನೀರು ಹೀರುವ ಬಗೆ, ಗ್ರಹಣವಾಗುವ ಬಗೆ ಮುಂತಾದ ಚಲಿಸುವ ಚಿತ್ರಗಳು ಫ್ಲ್ಯಾಶ್ ತಂತ್ರಜ್ಞಾನದಲ್ಲಿದ್ದವು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ಬೆಂಬಲ ಕೊನೆಗೊಂಡು ಬ್ರೌಸರುಗಳು ಅದನ್ನು ಕೈಬಿಟ್ಟವು. ಕಡತ ಕೆಡದೆ ಉಳಿದಿತ್ತು. ತೆರೆಯುವ ಕೀಲಿಯೇ ಇರಲಿಲ್ಲ. ಅವುಗಳಲ್ಲಿ ಕೆಲವನ್ನು ಶಿಕ್ಷಕರು ಹೊಸದಾಗಿ ರಚಿಸಿದರು, ಉಳಿದವನ್ನು ಬಿಟ್ಟುಕೊಟ್ಟರು.

ಇವೆರಡೂ ಶ್ರಮದಿಂದ ಪರಿಹಾರವಾಗುವಂಥವು. ನನ್ನ ಮನಸ್ಸನ್ನು ಕಲಕಿದ್ದು ಮೂರನೆಯದು. ಮೂಡಲ್‌ನಲ್ಲಿ ಒಂದು ಕೋರ್ಸಿನ ಬ್ಯಾಕಪ್ ಪಡೆದರೆ ಇನ್ನೊಂದು ಮೂಡಲ್ ಅದನ್ನು ಬಹುಮಟ್ಟಿಗೆ ಹಾಗೆಯೇ ತೆರೆಯಬಲ್ಲದು. ಹೊಸ ವೇದಿಕೆ ಬೇರೆ ಜಾತಿಯದು. ಅದು ಪುಟ, ವಿಡಿಯೊ, ಪ್ರಶ್ನೆಗಳನ್ನು ಸ್ವೀಕರಿಸಿತು; ಪಾಠಗಳ ಕೆಳಗೆ ಶಿಕ್ಷಕರು ನಡೆಸಿದ್ದ ಚರ್ಚೆಗೆ ಅಲ್ಲಿ ಎಡೆಯಿರಲಿಲ್ಲ. “ಪಾಠವೆಲ್ಲ ಬಂದಿದೆಯಲ್ಲ ಸಾರ್, ಹಳೆಯ ಮಾತುಕತೆ ಯಾರಿಗೆ ಬೇಕು?” ಎಂದು ಕಿರಿಯ ಶಿಕ್ಷಕರೊಬ್ಬರು ಕೇಳಿದರು.

ಫ್ಲೋರೈಡ್ ಪಾಠವನ್ನು ತೆರೆದು ಓದಲು ಅವರಿಗೆ ಹೇಳಿದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂದು ಪುಟದಲ್ಲಿತ್ತು. ಅದು ಹೊಸ ಮನೆಗೆ ಸುಖವಾಗಿ ಬಂದಿತ್ತು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುತ್ತದೆಂದು ಮಕ್ಕಳು ಮತ್ತೆ ಮತ್ತೆ ಬರೆಯುತ್ತಾರೆ, ವಾಸ್ತವವಾಗಿ ನೀರು ಇಂಗಿ ಅದರ ಪ್ರಮಾಣ ಹೆಚ್ಚುತ್ತದೆ, ಇದನ್ನು ಉಪ್ಪುನೀರು ಕುದಿಸಿ ತೋರಿಸಿ ಎಂಬ ಸೂಚನೆ ಇದ್ದುದು ಚರ್ಚೆಯಲ್ಲಿ. ಮನೆಯಲ್ಲಿ ತೆಲುಗು ಆಡುವ ಗಡಿಭಾಗದ ಮಕ್ಕಳಿಗೆ ‘ಸಾಂದ್ರತೆ’ ಎಂಬ ಪದ ಎಲ್ಲಿ ತೊಡಕುತ್ತದೆ, ಅದನ್ನು ಯಾವ ಮಾತಿನಿಂದ ಬಿಡಿಸಬೇಕು ಎಂಬುದೂ ಅಲ್ಲಿಯೇ. ಹಲ್ಲು ಕಂದಾಗಿರುವ ಮಗುವನ್ನು ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿ ಉದಾಹರಣೆಯಾಗಿ ತೋರಿಸಬೇಡಿ ಎಂದು ಒಬ್ಬ ಶಿಕ್ಷಕಿ ಬರೆದಿದ್ದರು. ಆ ಒಂದು ಸಾಲು ಯಾವ ಪಠ್ಯಪುಸ್ತಕದಲ್ಲಿ ಸಿಕ್ಕೀತು? ಕಿರಿಯ ಮಿತ್ರರು ಓದಿ ಮುಗಿಸಿ, ಮರುಮಾತಾಡದೆ ನಕಲು ಮಾಡತೊಡಗಿದರು. ಗಡುವಿನೊಳಗೆ ಸುಮಾರು ಅರ್ಧದಷ್ಟು ಚರ್ಚೆಯನ್ನು ಉಳಿಸಲಾಯಿತು. ಉಳಿದದ್ದು ಆ ವೇದಿಕೆಯೊಡನೆಯೇ ಹೋಯಿತು.

ಪಾಠವೆಂಬುದು ವಿಷಯವಷ್ಟೇ ಅಲ್ಲ, ಅದನ್ನು ಕಲಿಸಿದ ಅನುಭವವೂ ಹೌದು ಎಂಬುದು ಇದರಿಂದ ನನಗೆ ದೃಢವಾಯಿತು. ಅನುಭವಕ್ಕೂ ಜಾಗ ಕೊಡುವ ಏರ್ಪಾಡುಗಳು ಇಲ್ಲದಿಲ್ಲ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವು ವಿಕಿಪೀಡಿಯದಂತೆ ಮೀಡಿಯಾವಿಕಿ ತಂತ್ರಾಂಶದಲ್ಲಿದೆ. ಅಂತಹ ತಾಣಗಳಲ್ಲಿ ಯಾವ ಪುಟವನ್ನು ಯಾರು ಯಾವಾಗ ತಿದ್ದಿದರೆಂಬ ಇತಿಹಾಸ ಪುಟದ ಬೆನ್ನಿಗೇ ಇರುತ್ತದೆ. ರಫ್ತು ಮಾಡುವಾಗ ಅದನ್ನೂ ಒಯ್ಯಬಹುದು. 2017ರಲ್ಲಿ ಆರಂಭವಾದ ದೀಕ್ಷಾ ವೇದಿಕೆಯಲ್ಲಿ ಮತ್ತೊಂದು ಜಾಣ್ಮೆಯಿದೆ. ಪಠ್ಯಪುಸ್ತಕದಲ್ಲಿ ಅಚ್ಚಾದ ಕ್ಯೂಆರ್ ಕೋಡ್ ಹಾಗೆಯೇ ಇರುತ್ತದೆ, ಅದರ ಹಿಂದಿನ ಪಾಠವನ್ನು ಮಾತ್ರ ಬದಲಿಸಬಹುದು. ಮನೆಯವರು ಬದಲಾದರೂ ವಿಳಾಸ ಬದಲಾಗದು.

ಈಗ ಶಿಕ್ಷಕರಾಗಿರುವ ನನ್ನ ಶಿಷ್ಯರಿಗೆ ಒಂದೆರಡು ಮಾತು. ಬರೆಯುವುದನ್ನು ಯೂನಿಕೋಡಿನಲ್ಲಿಯೇ ಬರೆಯಿರಿ. ಮುಕ್ತ ಮಾದರಿಯ ಕಡತವೊಂದನ್ನು ನಿಮ್ಮಲ್ಲಿಯೂ ಇಟ್ಟುಕೊಳ್ಳಿರಿ. ಯಾರು ರಚಿಸಿದರು, ಯಾವ ಷರತ್ತಿನ ಮೇಲೆ ಬಳಸಬಹುದು ಎಂಬುದನ್ನು ಪಾಠದೊಳಗೇ ನಮೂದಿಸಿರಿ. ಮಕ್ಕಳು ಎಲ್ಲಿ ಎಡವಿದರೆಂಬುದನ್ನು ಚರ್ಚೆಗೆ ಬಿಡದೆ ಪಾಠದ ಕೊನೆಯಲ್ಲಿ ಬರೆಯಿರಿ. ಸಾಗಿಸುವ ಮುನ್ನ ಪಟ್ಟಿ ಮಾಡಿ, ಸಾಗಿಸಿದ ಮೇಲೆ ಒಂದೊಂದನ್ನೂ ತೆರೆದು ನೋಡಿರಿ. ವೇದಿಕೆಗಳು ಇನ್ನೂ ಎಷ್ಟೋ ಬಾರಿ ಬದಲಾದಾವು. ಹಲ್ಲು ಕಂದಾದ ಮಗು ಮುಂದಿನ ಜೂನ್ ತಿಂಗಳಲ್ಲಿಯೂ ತರಗತಿಗೆ ಬಂದು ಕೂರುತ್ತದೆ. ಆಗ ಅದರ ಎದುರು ನಿಲ್ಲುವ ಹೊಸ ಉಪಾಧ್ಯಾಯರಿಗೆ ಆ ಸಾಲು ಕಣ್ಣಿಗೆ ಬೀಳಬೇಕು.