12 ಜನರ ಜಾಗ, ಹತ್ತಿದವರು 14,000 (ಹಡಗಿನ ಕಥೆಗಳು, ಭಾಗ 6)

ಮೊದಲು ಒಂದು ತಪ್ಪೊಪ್ಪಿಗೆ. ಹೋದ ತಿಂಗಳು ಊರಿಗೆ ಹೋಗುವಾಗ ರೈಲಿನ ಜನರಲ್ ಬೋಗಿಯಲ್ಲಿ ಪಕ್ಕಕ್ಕೆ ಬ್ಯಾಗ್ ಇಟ್ಟುಕೊಂಡು ಕೂತಿದ್ದೆ. ಮಗು ಎತ್ತಿಕೊಂಡಿದ್ದ ಒಬ್ಬರು ಅಕ್ಕ "ಸ್ವಲ್ಪ ಜರುಗ್ತೀಯಾ ತಮ್ಮ?" ಅಂದ್ರು. ನಾನು ಇಯರ್‌ಫೋನ್ ಹಾಕ್ಕೊಂಡು ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿದೆ. ಅವರು ಅರಸೀಕೆರೆವರೆಗೂ ನಿಂತೇ ಬಂದ್ರು.

ಈ ಸಲದ ಹಡಗಿನ ಬಗ್ಗೆ ಓದುವಾಗ ಅದೇ ನೆನಪಾಗ್ತಾ ಇತ್ತು. 🚢

ಹೆಸರು ಎಸ್‌.ಎಸ್‌. ಮೆರೆಡಿತ್ ವಿಕ್ಟರಿ. 1945ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಟ್ಟಿದ್ದು, 455 ಅಡಿ ಉದ್ದ. ಯುದ್ಧಕ್ಕೆ ಸಾಮಾನು ಸಾಗಿಸೋಕೆ ಅಮೆರಿಕ ಸಾಲುಸಾಲಾಗಿ ಕಟ್ಟಿದ 'ವಿಕ್ಟರಿ' ಹಡಗುಗಳಲ್ಲಿ ಒಂದು. ಅವುಗಳಲ್ಲಿ ಎಷ್ಟೋ ಹಡಗುಗಳಿಗೆ ಕಾಲೇಜುಗಳ ಹೆಸರಿಟ್ಟಿದ್ದರು. ಇದಕ್ಕೆ ಸಿಕ್ಕಿದ್ದು ನಾರ್ತ್ ಕೆರೊಲಿನಾದ ಒಂದು ಹೆಣ್ಣುಮಕ್ಕಳ ಕಾಲೇಜಿನ ಹೆಸರು. (ನಮ್ಮ ಕಾಲೇಜಿನ ಹೆಸರಲ್ಲೂ ಒಂದಿದ್ದಿದ್ರೆ ಅಂತ ಯೋಚಿಸಿ!) ಮಹಾಯುದ್ಧ ಮುಗೀತು, ಹಡಗನ್ನು ಮೂಲೆಗೆ ನಿಲ್ಲಿಸಿದರು. 1950ರಲ್ಲಿ ಕೊರಿಯಾ ಯುದ್ಧ ಶುರುವಾದಾಗ ಮತ್ತೆ ಹೊರಗೆ ತೆಗೆದರು.

ಅದೇ ವರ್ಷ ಡಿಸೆಂಬರ್. ಚೀನಾದ ಸೈನ್ಯ ಮುನ್ನುಗ್ಗಿ ಬರ್ತಿತ್ತು. ಉತ್ತರ ಕೊರಿಯಾದ ಹುಂಗ್ನಾಮ್ ಬಂದರಿನಿಂದ ಸುಮಾರು 1 ಲಕ್ಷ ಸೈನಿಕರು ಸಮುದ್ರದ ದಾರಿಯಲ್ಲಿ ವಾಪಸ್ ಹೊರಟಿದ್ದರು. ಅವರ ಹಿಂದೆ ಹೆಚ್ಚುಕಡಿಮೆ ಅಷ್ಟೇ ಸಾಮಾನ್ಯ ಜನ, ಕೊರೆಯುವ ಚಳಿಯಲ್ಲಿ, ದಡದಲ್ಲಿ.

ಮೆರೆಡಿತ್ ವಿಕ್ಟರಿಯಲ್ಲಿ ಸಿಬ್ಬಂದಿ ಬಿಟ್ಟರೆ 12 ಪ್ರಯಾಣಿಕರಿಗಷ್ಟೇ ಜಾಗ. ಒಳಗೆ ಇನ್ನೂ ಇಳಿಸದ ವಿಮಾನದ ಇಂಧನ. ಬಂದರಿನ ನೀರಲ್ಲಿ ಮೈನ್‌ಗಳು. ಕ್ಯಾಪ್ಟನ್ ಲೆನರ್ಡ್ ಲಾರೂಗೆ ಆಗ 36 ವರ್ಷ. ಹಡಗು ಸೈನ್ಯದ ಸಾಮಾನು ಹೊರುತ್ತಿದ್ದರೂ ಅವರು ಸೈನಿಕರಲ್ಲ. ಹಾಗಾಗಿ ಸೇನಾಧಿಕಾರಿಗಳು ಆಜ್ಞೆ ಮಾಡಲಿಲ್ಲ, ಜನರನ್ನ ಹತ್ತಿಸಿಕೊಳ್ತೀರಾ ಅಂತ ಕೇಳಿದರು ಅಷ್ಟೇ. 'ಆಗಲ್ಲ' ಅಂದಿದ್ದರೆ ಯಾರೂ ತಪ್ಪು ಹೇಳ್ತಿರಲಿಲ್ಲ.

ಅವರು ಹೂಂ ಅಂದರು.

ಡಿಸೆಂಬರ್ 22ರ ರಾತ್ರಿ ಶುರುವಾಯ್ತು. ಮೂಟೆ ಇಳಿಸುವ ಹಲಗೆಗಳ ಮೇಲೆ ಜನರನ್ನ ನಿಲ್ಲಿಸಿ ಹಡಗಿನ ಹೊಟ್ಟೆಗೆ ಇಳಿಸಿದರು. ಒಂದು ಅಂತಸ್ತು ತುಂಬಿದ ಮೇಲೆ ಮುಚ್ಚಿ, ಅದರ ಮೇಲೆ ಇನ್ನೊಂದು. ಮರುದಿನ ಬೆಳಗ್ಗೆ ಹೊರಡುವ ಹೊತ್ತಿಗೆ ಸುಮಾರು 14,000 ಜನ. ಬೆಳಕಿಲ್ಲ, ಶೌಚಾಲಯವಿಲ್ಲ, ಡಾಕ್ಟರ್ ಇಲ್ಲ, ಊಟ ನೀರು ಇಲ್ಲ ಅನ್ನುವಷ್ಟು ಕಡಿಮೆ.

ಬೂಸಾನ್ ಮುಟ್ಟಿದರೆ ಅಲ್ಲಿ ಆಗಲೇ ನಿರಾಶ್ರಿತರು ತುಂಬಿದ್ದರು, ಇಳಿಯೋಕೆ ಬಿಡಲಿಲ್ಲ. ಮುಂದೆ ಗೊಜೆ ದ್ವೀಪಕ್ಕೆ ಹೋಗಿ ಡಿಸೆಂಬರ್ 26ಕ್ಕೆ ಇಳಿಸಿದರು. ದಾರಿಯಲ್ಲಿ ಒಬ್ಬರೂ ಸಾಯಲಿಲ್ಲ. ಬದಲಿಗೆ ಐದು ಮಕ್ಕಳು ಹುಟ್ಟಿದವು! ನಾವಿಕರು ಅವಕ್ಕೆ ಇಟ್ಟ ಹೆಸರು ಕಿಮ್ಚಿ 1ರಿಂದ ಕಿಮ್ಚಿ 5. 👶 ಆ ಹಡಗಲ್ಲಿ ಬಂದ ಒಂದು ದಂಪತಿಗೆ 1953ರಲ್ಲಿ ಗೊಜೆಯಲ್ಲಿ ಹುಟ್ಟಿದ ಮಗ ಮೂನ್ ಜೇ-ಇನ್, 2017ರಲ್ಲಿ ದಕ್ಷಿಣ ಕೊರಿಯಾದ ಅಧ್ಯಕ್ಷರಾದರು.

ಆದರೆ ಇದನ್ನ ಬರೀ ಖುಷಿಯ ಕಥೆ ಅನ್ಕೋಬೇಡಿ. ದಡದಲ್ಲೇ ಉಳಿದವರು ಬಹಳ. ಸ್ವಲ್ಪ ದಿನದಲ್ಲಿ ವಾಪಸ್ ಬರ್ತೀವಿ ಅಂತ ಮನೆಯವರನ್ನ ಬಿಟ್ಟು ಹತ್ತಿದ ಎಷ್ಟೋ ಜನ ಮತ್ತೆ ಅವರ ಮುಖ ನೋಡಲಿಲ್ಲ. ದೇಶದ ನಡುವಿನ ಗೆರೆ ಇವತ್ತಿಗೂ ಹಾಗೇ ಇದೆ. 2014ರ ಕೊರಿಯನ್ ಸಿನಿಮಾ 'ಓಡ್ ಟು ಮೈ ಫಾದರ್' ಶುರುವಾಗೋದು ಇಲ್ಲಿಂದಲೇ. ಅದರ ಹಿಂದಿ ರೂಪ ಸಲ್ಮಾನ್ ಖಾನ್‌ರ 'ಭಾರತ್'. ಅಲ್ಲಿ ಕೊರಿಯಾ ಬದಲು ನಮ್ಮ ದೇಶವಿಭಜನೆ, ಹಡಗಿನ ಬದಲು ರೈಲು.

ಲಾರೂ 1954ರಲ್ಲಿ ಸಮುದ್ರ ಬಿಟ್ಟು ನ್ಯೂಜೆರ್ಸಿಯ ಒಂದು ಮಠ ಸೇರಿ ಸನ್ಯಾಸಿಯಾದರು, 2001ರಲ್ಲಿ ತೀರಿಕೊಂಡರು. ಹಡಗು ವಿಯೆಟ್ನಾಂ ಯುದ್ಧಕ್ಕೂ ಸಾಮಾನು ಹೊತ್ತು, ಮತ್ತೆ ಮೂಲೆ ಸೇರಿ, 1993ರಲ್ಲಿ ಚೀನಾದಲ್ಲಿ ಗುಜರಿಯಾಯ್ತು. ಅಷ್ಟು ವರ್ಷದ ಸೇವೆಯಲ್ಲಿ ಜನ ನೆನಪಿಟ್ಟಿದ್ದು ಆ ನಾಲ್ಕೈದು ದಿನ.

ನನ್ನ ಸೀಟಲ್ಲಿ ಬೇಕಿದ್ದಿದ್ದು ಒಂದು ಬ್ಯಾಗ್‌ನಷ್ಟು ಜಾಗ, ಅಷ್ಟೇ.

ನಿಮಗೂ ಜರುಗದೇ ಕೂತ ನೆನಪು ಇದೆಯಾ? ಕಾಮೆಂಟಲ್ಲಿ ಹೇಳಿ, ನಾನು ಬೈಯಲ್ಲ. 🙏

#ಹಡಗಿನಕಥೆಗಳು #ಮೆರೆಡಿತ್‌ವಿಕ್ಟರಿ #ಕನ್ನಡದಲ್ಲಿಇತಿಹಾಸ